ಮಂಡಿ ನೋವು ಮತ್ತು ಮಾರಮ್ಮ ಕೊಟ್ಟ ಹೂವು

ತಾಯಿಯ ಒಕ್ಕಲಿನವರಿಗೆಲ್ಲ ನನ್ನ ನಮಸ್ಕಾರ. ಎಡಮಂಡಿಯ ನೋವಿಗೆ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದು ನಿಂತಿದ್ದ ಹುಡುಗಿಯನ್ನು ಹಂಪಾಪುರದ ಹತ್ತಿರದ ನಮ್ಮೂರ ಮಾರಮ್ಮ ಹೇಗೆ ಮತ್ತೆ ಓಡಿಸಿದಳು ಎಂಬುದನ್ನು ಹೇಳುತ್ತೇನೆ. ಆ ಹುಡುಗಿ ನಾನೇ.

ಅದು ತೊಂಬತ್ತೆಂಟನೇ ಇಸವಿ, ನಾನಾಗ ಒಂಬತ್ತನೇ ಕ್ಲಾಸು. ತಾಲ್ಲೂಕು ಕ್ರೀಡಾಕೂಟದ ಓಟದಲ್ಲಿ ಗೆದ್ದು ಮೈಸೂರಿಗೆ ಹೋಗಬೇಕೆಂಬುದೊಂದೇ ಆಸೆ. ದಿನಾ ಬೆಳಗ್ಗೆ, ನಮ್ಮ ತಾಲ್ಲೂಕಿನ ಊರಾದ ಕೋಟೆಯಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲಿ ಓಡುತ್ತಿದ್ದೆ. ಆ ಬೆಳಗುಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಬೆಚ್ಚಗಿನ ಘಾಟು, ಹೊಲದ ಮೇಲೆ ಮಂಜು, ಹಿಂದೆ ಸೆರಗು ಹೊದ್ದು ನಡೆದು ಬರುವ ಅವ್ವ. ಮೊದಲ ಕೆಂಪು ಬಸ್ಸಿನ ಡ್ರೈವರು ನನ್ನನ್ನು ಕಂಡರೆ ಹಾರನ್ ಹೊಡೆದು ಕೈ ಎತ್ತುತ್ತಿದ್ದರು. ಆವತ್ತಿಡೀ ನಾನು ನೆಲದ ಮೇಲೆ ಇರುತ್ತಿರಲಿಲ್ಲ.

“ಲಾರಿ ಎದುರಿಗೆ ಬರೋ ಕಡೆ ಓಡು, ಬೆನ್ನ ಹಿಂದೆ ಬರೋದು ನಿಂಗೆ ಕಾಣಾಕಿಲ್ಲ. ಟಾರು ಬುಟ್ಟು ಮಣ್ಣಲ್ಲಿ ಓಡು. ಒಂದು ಜೊತೆ ಶೂ ಆಕ್ಕೊ,” ಎಂದು ಪಿ.ಟಿ. ಮೇಷ್ಟ್ರು ಹೇಳಿದ್ದರು. ಮೊದಲನೆಯದನ್ನು ತಪ್ಪದೆ ಪಾಲಿಸಿದೆ. ಉಳಿದ ಎರಡಕ್ಕೆ ಅವ್ವನ ಹರಕೆ ಅಡ್ಡ ಬಂತು. ಮಗಳು ಗೆದ್ದು ಮೈಸೂರಿಗೆ ಹೋಗುವವರೆಗೆ ಬರಿಗಾಲಲ್ಲೇ ಓಡುತ್ತಾಳೆ ಎಂದು ಅವಳು ಮಾರಮ್ಮನಿಗೆ ಮಾತು ಕೊಟ್ಟುಬಿಟ್ಟಿದ್ದಳು. ಬೇರೆಯವರು ಕೋಳಿ, ಕುರಿ ಹರಕೆ ಹೊರುತ್ತಾರೆ, ನಮ್ಮವ್ವನಿಗೆ ನನ್ನ ಕಾಲೇ ಸಿಕ್ಕಿತು! ಮಣ್ಣಿನ ಅಂಚಿನಲ್ಲಿ ಜಾಲಿ ಮುಳ್ಳು. ಬರಿಗಾಲಿಗೆ ಟಾರೇ ಗತಿಯಾಯಿತು.

ನೋವು ಮೊದಲು ಓಡುವಾಗ ಮಾತ್ರ ಬರುತ್ತಿತ್ತು. ಆಮೇಲೆ ಕುಕ್ಕರಗಾಲಲ್ಲಿ ಕೂತರೂ ಬಂತು. ಅವ್ವ ಹರಳೆಣ್ಣೆ ತಿಕ್ಕಿದಳು, ಉಪ್ಪಿನ ಶಾಖ ಕೊಟ್ಟಳು. ಒಂದು ಬೆಳಗ್ಗೆ ಮಂಡಿ ಮಡಚಲಾರದೆ ರಸ್ತೆ ಬದಿಯಲ್ಲೇ ಕುಸಿದು ಕೂತೆ. ಕೆಂಪು ಬಸ್ಸಿನ ಡ್ರೈವರು ಬ್ರೇಕ್ ಹಾಕಿ, “ಅತ್ತುಸ್ರವ್ವ ಮಗೀನ, ದೊಡ್ಡಾಸ್ಪತ್ರೆ ತಾವ್ಲೇ ಇಳುಸ್ತೀನಿ,” ಎಂದರು. ಮೈಸೂರು ನೋಡಬೇಕೆಂದಿದ್ದವಳು ಹೀಗೆ ನೋಡಿದೆ.

ಎಕ್ಸ್‌ರೇ ನೋಡಿದ ಡಾಕ್ಟರಮ್ಮ, “ಮೂಳೆಗೆ ಏನೂ ಆಗಿಲ್ಲ. ಬೆಳೆಯೋ ವಯಸ್ಸು, ದಿನಾ ಗಟ್ಟಿ ರಸ್ತೆ ಮೇಲೆ ಓಡಿ ಮಂಡಿ ಊದಿದೆ. ನೋವು ಪೂರ್ತಿ ಹೋಗೋವರೆಗೆ ಓಟ ಬೇಡ. ತೊಡೆಗೆ ಬಲ ಬರೋ ವ್ಯಾಯಾಮ ಮಾಡಲಿ. ಆಮೇಲೆ ಶೂ ಹಾಕ್ಕೊಂಡು ಮಣ್ಣಿನ ಮೇಲೆ, ದಿನ ಬಿಟ್ಟು ದಿನ ಓಡಲಿ. ಹೀಗೇ ಬಿಟ್ರೆ ಮುಂದೆ ಓಡೋ ಆಸೆ ಬಿಡ್ಬೇಕಾಗುತ್ತೆ,” ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅವ್ವ ನನ್ನ ಕಾಲನ್ನು ತನ್ನ ಮಡಿಲ ಮೇಲೆ ಇಟ್ಟುಕೊಂಡಳು. ಆಮೇಲೆ ಮೆಲ್ಲಗೆ, “ಶೂ ಆಕುದ್ರೆ ಅರಕೆ ಮುರುದಂಗೆ ಕಣ್ ಮಗ. ತಾಯಿ ಮುನಿದು ಕಾಲೇ ಓದ್ರೆ?” ಎಂದಳು. ನನಗೆ ಅವ್ವನ ಮೇಲೂ ಸಿಟ್ಟು, ದೇವರ ಮೇಲೂ ಸಿಟ್ಟು. ಮನೆ ಸೇರಿದ ಮೇಲೆ ಬೆಳಗಿನ ಬಸ್ಸಿನ ಹಾರನ್ ಕೇಳಿಸಿದರೆ ಕಂಬಳಿ ಹೊದ್ದು ಅಳುತ್ತಿದ್ದೆ.

ಮಂಗಳವಾರ ಅವ್ವ ನನ್ನನ್ನು ಗುಡಿಗೆ ಕರೆದೊಯ್ದಳು. ಇಕ್ಕಟ್ಟು ಬಂದಾಗ ತಾಯಿಯ ಹತ್ತಿರ ಹೂವು ಕೇಳುವುದು ನಮ್ಮ ರೂಢಿ. ಮೂರ್ತಿಗೆ ಮುಡಿಸಿದ ಹೂವುಗಳಲ್ಲಿ ಬಲಗಡೆಯದು ಬಿದ್ದರೆ ಅವಳ ಒಪ್ಪಿಗೆ. “ಬರಿಗಾಲಲ್ಲೇ ಓಡ್ತಾಳೆ, ನೋವ ನೀನೇ ತಕ್ಕೊ,” ಎಂದು ಅವ್ವ ಬೇಡಿದಳು. ಹೂವು ಅಲ್ಲಾಡಲಿಲ್ಲ. “ಶೂ ಆಕಲಾ? ಬ್ಯಾರೆ ಅರಕೆ ಒಪ್ಪುಸ್ತೀನಿ,” ಎಂದಳು. ಅದಕ್ಕೂ ಇಲ್ಲ. ಬಂದವರೆಲ್ಲ ಮನೆಗೆ ಹೋದರು. ನನಗಂತೂ ಎಲ್ಲ ಮುಗಿಯಿತು ಅನ್ನಿಸಿತು. “ನಡಿಯವ್ವ, ಓಗನ,” ಎಂದೆ.

ಅವ್ವ ಏಳಲಿಲ್ಲ. ಹೊಸ್ತಿಲಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತಳು. “ಅರಕೆ ಕಟ್ಟಿದ್ದು ನನ್ ಬಾಯಿ. ಮಗೀನ್ ಕಾಲು ಯಾಕ್ ತೀರುಸ್ಬೇಕು? ಅದು ನನ್ ಕಾಲಿಗಿರ್ಲಿ. ಇವಳು ನೋವಿಲ್ದೆ ಓಡೋಗಂಟ ನಾನು ಮೆಟ್ಟು ಮೆಟ್ಟಾಕಿಲ್ಲ. ಇವಳ್ನ ಬುಟ್ಬುಡು ತಾಯಿ!”

ಬಲಗಡೆಯಿಂದ ಕಣಗಿಲೆ ಹೂವೊಂದು ಜಾರಿ ಬಿತ್ತು. “ಒಪ್ಪವಳೆ ಕಣವ್ವ, ಏಳು,” ಎಂದರು ಪೂಜಾರಪ್ಪ.

ಆ ವರ್ಷ ನಾನು ಓಡಲಿಲ್ಲ. ಜಗಲಿಯ ಮೇಲೆ ಕೂತು ಡಾಕ್ಟರಮ್ಮ ಹೇಳಿದಂತೆ ಕಾಲು ಎತ್ತಿ ಇಳಿಸುತ್ತಿದ್ದೆ. ಅವ್ವ ಬರಿಗಾಲಲ್ಲಿ ಹೊಗೆಸೊಪ್ಪಿನ ಹೊಲಕ್ಕೆ ಹೋಗುವುದನ್ನು ನೋಡುತ್ತಿದ್ದೆ. ನೋವು ಹೋದ ಮೇಲೆ ಶೂ ಹಾಕಿಕೊಂಡು ಕೆರೆ ಏರಿಯ ಮಣ್ಣಿನಲ್ಲಿ ಮೊದಲು ನಡೆದೆ, ಆಮೇಲೆ ಓಡಿದೆ. ನೋವಿದೆಯಾ ಎಂದು ಅವ್ವ ದಿನಾ ಕೇಳುತ್ತಿದ್ದಳು, ನಾನು ಇಲ್ಲ ಅನ್ನುತ್ತಿದ್ದೆ. ಆದರೆ ಪಂದ್ಯದಲ್ಲಿ ಓಡುವವರೆಗೆ ಅವಳು ನಂಬುವವಳಲ್ಲ, ಮೆಟ್ಟು ಹಾಕುವವಳೂ ಅಲ್ಲ.

ಮರುವರ್ಷ ಕೋಟೆಯ ಮೈದಾನದಲ್ಲಿ ನಾನು ಮೂರನೆಯವಳಾಗಿ ಬಂದೆ. ಮೈಸೂರಿನ ಅವಕಾಶ ತಪ್ಪಿತು. ಜನರನ್ನು ನೂಕಿಕೊಂಡು ಬಂದ ಅವ್ವ ಎಷ್ಟನೆಯವಳೆಂದು ಕೇಳಲೇ ಇಲ್ಲ. ಮಣ್ಣಲ್ಲಿ ಕೂತು ನನ್ನ ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿ, “ನೋಯ್ತದಾ ಮಗ?” ಎಂದಳು.

“ಇಲ್ಲ ಕಣವ್ವ.”

ಅವಳು ಅಲ್ಲೇ ಅತ್ತುಬಿಟ್ಟಳು. ನಾನೂ ಅತ್ತೆ.

ಕೇಳಿದ್ದಕ್ಕೆಲ್ಲ ಹೂವು ಕೊಡದೆ ತಾಯಿ ಸುಮ್ಮನಿದ್ದದ್ದು ಮುನಿದು ಅಲ್ಲ, ಅವ್ವ ಸರಿಯಾದದ್ದನ್ನು ಕೇಳಲೆಂದು ಕಾದಿದ್ದಳು ಎಂಬ ನಂಬಿಕೆ ನನಗೆ ಆವತ್ತು ಗಟ್ಟಿಯಾಯಿತು. ಮೂವತ್ತು ದಾಟಿ ಎಷ್ಟೋ ವರ್ಷವಾದರೂ ಇವತ್ತಿಗೂ ಓಡುತ್ತಿದ್ದೇನೆ, ಮಾರಮ್ಮನ ದಯೆ. ಪಂದ್ಯ ಮುಗಿದ ಆ ಸಂಜೆ ಕೋಟೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅವ್ವನಿಗೆ ಮೆಟ್ಟು ತೊಡಿಸಿದವಳು ನಾನೇ. ಒಡೆದು ಅಗಲವಾಗಿದ್ದ ಆ ಪಾದಗಳಿಗೆ ಅವಳ ಮೊದಲಿನ ಅಳತೆ ಹತ್ತಲೇ ಇಲ್ಲ.