ಹೆಸರಿನ ನಡುವೆ ಒಂದು ಗೆರೆ

ನಮ್ಮ ಲೆಕ್ಕದ ವಾಧ್ಯಾರರ ಬಲಗಿವಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಆಚಾರಿ ಪೆನ್ಸಿಲ್ ಸಿಕ್ಕಿಸುವ ಹಾಗೆ ಅವರು ಅಲ್ಲಿ ಸೀಮೆಸುಣ್ಣ ಸಿಕ್ಕಿಸಿಕೊಳ್ಳುತ್ತಿದ್ದರು. ತಮಿಳುನಾಡಿಗೆ ಸೇರಿದ ಮಾರಂಡಹಳ್ಳಿಯ ಆ ಶಾಲೆಯಲ್ಲಿ ಪಾಠ ತಮಿಳಿನಲ್ಲಿ, ನಮಗೆ ಬೈಗುಳ ಮಾತ್ರ ಮನೆಮಾತು ಕನ್ನಡದಲ್ಲಿ.

ಪಾಠದಲ್ಲಿ ಹೊಸ ಹೆಸರು ಬಂತೆಂದರೆ ವಾಧ್ಯಾರರು ಅದನ್ನು ಹಲಗೆಯ ಮೇಲೆ ಬರೆದು, ನಡುವೆ ಗೆರೆ ಎಳೆದು, ಎರಡು ತುಂಡನ್ನೂ ಬೇರೆಬೇರೆಯಾಗಿ ವಿಚಾರಣೆಗೆ ನಿಲ್ಲಿಸುತ್ತಿದ್ದರು. "ಸೀಮೆಸುಣ್ಣ ಅಂತಾರೆ, ವೀಳ್ಯದೆಲೆಗೆ ಬಳ್ಕೊಂಡು ತಿಂತೀಯೇನ್ಲಾ? ಸ್ಟವ್‌ಗೆ ಉಯ್ಯೋ ಮಣ್ಣೆಣ್ಣೆನ ಯಾವ ಗಾಣದಾಗೆ ಮಣ್ಣಾಕಿ ಆಡಿಸ್ತಾರೆ? ಎಸರು ಕಂಡು ಮೋಸ ಓಗ್‌ಬ್ಯಾಡ್ರಲಾ."

ಐದರ ಮೇಲೆ ಏಳಿರುವ ಭಿನ್ನರಾಶಿಗೆ ತಮಿಳು ಪುಸ್ತಕ ‘ತಗಾ ಪಿನ್ನಂ’ ಎನ್ನುತ್ತಿತ್ತು, ತಕ್ಕುದಲ್ಲದ ಭಿನ್ನ ಎಂದು. ಅದರ ನಡುವೆಯೂ ಗೆರೆ ಎಳೆದರು. "ಪಿನ್ನಂ ಸರಿ. ತಗಾ ಯಾಕೆ? ಒಂದಕ್ಕಿಂತ ಎಚ್ಚಾಗಿರೋದೇ ಇದು ಮಾಡಿದ ತೆಪ್ಪು."

ಅವರ ಹುದ್ದೆಗೂ ಒಂದು ಹೆಸರಿತ್ತು: ತಾತ್ಕಾಲಿಕ ಶಿಕ್ಷಕ. ನಮ್ಮಣ್ಣ ಓದುವಾಗಲೂ ತಾತ್ಕಾಲಿಕ, ನಾನು ಓದುವಾಗಲೂ ತಾತ್ಕಾಲಿಕ. ಪ್ರತಿ ಜೂನ್‌ನಲ್ಲೂ ಹೆಡ್‌ಮಾಸ್ಟರು ಕೆಮ್ಮಿ, "ಅಡುತ್ತ ವರುಷಂ ಕಂಡಿಪ್ಪಾ ಪರ್ಮನೆಂಟ್, ಸಾರ್" ಎನ್ನುತ್ತಿದ್ದರು. ಮುಂದಿನ ವರ್ಷ ಖಂಡಿತ ಎಂದು ಇವರು ಅದನ್ನೇ ಮನೆಯಲ್ಲಿ ಹೆಂಡತಿಗೆ ಕನ್ನಡದಲ್ಲಿ ಹೇಳುತ್ತಿದ್ದರಂತೆ.

ನಾನೋ, ಊರಿನ ದನಿಗಳನ್ನೆಲ್ಲ ಕದಿಯುವವನು. ನನ್ನ ಸ್ವಂತ ದನಿಗೆ ಮನೆಯ ಮೇಕೆಯೂ ತಿರುಗಿ ನೋಡುವುದಿಲ್ಲ. ಹೆಡ್‌ಮಾಸ್ಟರರ ಆ ಮಾತನ್ನು ಕೆಮ್ಮಿನ ಸಮೇತ ಆಡಿ ತೋರಿಸುತ್ತಾ ವರಾಂಡದಲ್ಲಿ ವಾಧ್ಯಾರರಿಗೇ ಸಿಕ್ಕಿಬಿದ್ದೆ. ಹೊಡೆಯಲಿಲ್ಲ. "ಕೆಮ್ಮು ಇನ್ನೊಸಿ ಜಾಸ್ತಿ ಆಗ್ಬೇಕು ಕಣ್ಲಾ" ಎಂದರು.

ಕೊನೆಗೂ ಕಾಯಂ ಹುದ್ದೆ ಬಂದಾಗ, ಇವರಿಗೆ ವಯಸ್ಸು ಮೀರಿದೆ ಎಂದು ಬೇರೊಬ್ಬರನ್ನು ಹಾಕಿದರು. ಆ ವಯಸ್ಸನ್ನೆಲ್ಲ ಅವರು ಕಳೆದದ್ದು ಅದೇ ಶಾಲೆಯಲ್ಲಿ.

ವಾಧ್ಯಾರರು ಕಾಯಿಲೆ ಬಿದ್ದು ಧರ್ಮಪುರಿ ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ಕಿವಿಯಲ್ಲಿ ಬಿಳುಪಿರಲಿಲ್ಲ.

"ಲೇ, ಎಡ್‌ಮಾಸ್ಟರ್ ದನೀಲಿ ಒಂದ್ಸಲ ಏಳ್ಲಾ, ಪರ್ಮನೆಂಟ್ ಆರ್ಡರ್ ಬಂದೈತೆ ಅಂತ."

ಕೆಮ್ಮಿದೆ. "ಸಾರ್, ಉಂಗ ಆರ್ಡರ್ ವಂದಿರುಚ್ಚು."

ಅವರು ಕಣ್ಣು ಮುಚ್ಚಿಕೊಂಡೇ ಕೈಜೋಡಿಸಿ ಧನ್ಯವಾದ ಹೇಳಿದರು. "ರೊಂಬ ನನ್ರಿ, ಸಾರ್."

ಈಗ ನಗುತ್ತಾರೆ ಎಂದು ಕಾದೆ. ನಗಲಿಲ್ಲ.

ಅವರು ತೀರಿಕೊಂಡ ವಾರ ಪ್ರಾರ್ಥನೆಯ ಸಾಲಿನ ಮುಂದೆ ಹೆಡ್‌ಮಾಸ್ಟರು ಕೆಮ್ಮಿ, ಅವರು ನಮ್ಮ ಶಾಲೆಯ ‘ನಿರಂದರ ಆಸಿರಿಯರ್’ ಎಂದರು, ಎಂದೆಂದಿಗೂ ಕಾಯಂ ಶಿಕ್ಷಕರು ಎಂದು. ಕೆಮ್ಮು ಕೇಳಿದ ಹುಡುಗರು ನಗಲು ತಯಾರಾಗಿ ನನ್ನ ಮುಖ ನೋಡಿದರು. ನಾನು ವಾಧ್ಯಾರರು ಕಲಿಸಿದಂತೆ ಆ ಹೆಸರಿನ ನಡುವೆ ಗೆರೆ ಎಳೆದು ನೋಡುತ್ತಿದ್ದೆ. ಎರಡನೆಯ ತುಂಡು ಮಾತ್ರ ನಿಜವಾಗಿತ್ತು.