ಕನ್ನಡಕ್ಕೆ ಮರುಳಾಗಿ ಕೊಂಡ ಮಿಕ್ಸರ್

ಕಳೆದ ವರ್ಷ ನನ್ನ ಮಗಳು ಸ್ಮಿತಾಳ ಕುಬಸದ, ಅಂದರೆ ಸೀಮಂತದ, ದಿನ ನಡೆದದ್ದು ಇದು. ನಾವು ಬಾಗಲಕೋಟೆ ಕಡೆಯವರು. ಯಜಮಾನರ ನೌಕರಿಗಾಗಿ ಹೈದರಾಬಾದಿಗೆ ಬಂದು ಈಗ ಕೊಂಡಾಪುರದ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಹೊರಗೆ ಕಾಲಿಟ್ಟರೆ ತೆಲುಗು, ಇಲ್ಲವೇ ಹಿಂದಿ. ಹೀಗಾಗಿ ನಾಲ್ಕು ಮಾತು ಕನ್ನಡ ಕಿವಿಗೆ ಬಿದ್ದರೆ ಸಾಕು, ನಾನು ಕರಗಿಹೋಗುತ್ತೇನೆ.

ಕುಬಸ ಹತ್ತಿರ ಬಂದಾಗ ಇಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮಿಕ್ಸರಿನ ಜಾಹೀರಾತು ಬಂತು. ಹೆಸರಾಂತ ಕಂಪನಿಯದು, ಬೆಲೆ ಮಾತ್ರ ಅಂಗಡಿಯ ಅರ್ಧ. ಫೋನ್ ಮಾಡಿದೆ. "ಅಕ್ಕಾರ, ನಾವು ಹುಬ್ಬಳ್ಳಿಯವರ್ರಿ. ನಮ್ಮ ಮಂದಿಗೆ ಮೋಸ ಮಾಡ್ತೀನೇನ್ರಿ?" ಎಂದ ಮಾರುವವನು. ಅಷ್ಟಾದ ಮೇಲೆ ಬಿಲ್ಲು, ಗ್ಯಾರಂಟಿ ಕೇಳಲು ನನಗೇ ನಾಚಿಕೆಯಾಯಿತು. ಬದಲಿಗೆ ಅವನ ಹೆಂಡತಿ ಮಕ್ಕಳ ಯೋಗಕ್ಷೇಮ ಕೇಳಿ ಫೋನ್ ಇಟ್ಟೆ. ಹೊಸದು ಬಂದ ದಿನವೇ ಹಳೆಯ ಮಿಕ್ಸರನ್ನು ಕೆಲಸದವಳಿಗೆ ಕೊಟ್ಟುಬಿಟ್ಟೆ.

ನನಗೆ ಆ ಮಿಕ್ಸರ್ ಬೇಕಾಗಿದ್ದೇ ಹೋಳಿಗೆಗೆ. ಮಗಳ ಅತ್ತೆ ಶಾಂತಾಬಾಯಿ ಇಲ್ಲೇ ಹೈದರಾಬಾದಿನ ನಾರಾಯಣಗೂಡದ ಕನ್ನಡಿಗರು, ಅಡಿಗೆಯಲ್ಲಿ ಬಹಳ ಕಟ್ಟುನಿಟ್ಟು. ಮದುವೆಯಲ್ಲಿ ನಮ್ಮ ಹೋಳಿಗೆಯ ತುದಿ ಮುರಿದು ನೋಡಿ, "ಅಡಿಗಿಯವರು ಮಾಡಿದ್ದೇನ್ರಿ?" ಎಂದಷ್ಟೇ ಹೇಳಿ ಎಲೆಯ ಬದಿಗೆ ಸರಿಸಿದ್ದರು. ಅಂದಿನಿಂದ ನಮ್ಮಿಬ್ಬರ ನಡುವೆ "ಆರಾಮಿದ್ದೀರಿ?" "ಆರಾಮ್ರಿ" ಬಿಟ್ಟು ಬೇರೆ ಮಾತಿರಲಿಲ್ಲ. ಈ ಸಲ ನನ್ನ ಕೈಯಾರೆ ಮಾಡಿ ಅವರ ಬಾಯಿಂದ ಛಲೋ ಅನ್ನಿಸಲೇಬೇಕೆಂದು ಹಟ ಹಿಡಿದಿದ್ದೆ.

ಬೆಳಿಗ್ಗೆ ಬೇಳೆ ಬೇಯಿಸಿ, ಬೆಲ್ಲ ಹಾಕಿ ಕುದಿಸಿ ಮಿಕ್ಸರಿಗೆ ಹಾಕಿದೆ. ಸ್ವಲ್ಪ ತಿರುಗಿತು. ಆಮೇಲೆ ಕೆಳಗಿನಿಂದ ಕಿಡಿ ಹಾರಿ ನನ್ನ ಕೈಗೆ ಝುಮ್ಮೆಂದು ಹೊಡೆಯಿತು. ಸುಟ್ಟ ವಾಸನೆಗೆ ಓಡಿಬಂದ ಯಜಮಾನರು ಮೇನ್ ಸ್ವಿಚ್ ಆರಿಸಿದರು. ಪುಣ್ಯಕ್ಕೆ ನನಗೇನೂ ಆಗಲಿಲ್ಲ. ಮಾರಿದವನ ಫೋನ್ ಬಂದ್. ಕಂಪನಿಗೆ ಫೋನ್ ಮಾಡಿದರೆ, ಅದರ ಮೇಲಿದ್ದ ನಂಬರಿನ ಮಿಕ್ಸರನ್ನು ತಾವು ಮಾಡಿಯೇ ಇಲ್ಲ ಎಂದರು. ಹೊಗೆಯಲ್ಲಿ ನಿಂತು ಅಳುತ್ತಿರುವಾಗಲೇ ಕರೆಗಂಟೆ ಸದ್ದಾಯಿತು. ಹೂವು ಕೊಡಲೆಂದು ಶಾಂತಾಬಾಯಿಯವರು ಎಲ್ಲರಿಗಿಂತ ಮೊದಲೇ ಬಂದಿದ್ದರು.

"ಏನಾತ್ರಿ ಬೀಗರ?"

ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ. ಅವರು ಮಿಕ್ಸರನ್ನು ತಿರುಗಿಸಿ ನೋಡಿ, "ಹುಬ್ಬಳ್ಳ್ಯಾಂವ ಅಂದ್ನೇನು?" ಎಂದರು.

"ಹೌದ್ರಿ."

"ನನಗ ಕಲಬುರ್ಗ್ಯಾಂವ ಅಂದಿದ್ದ. ಅದ ಗುಂಪಿನ್ಯಾಗ ನೋಡಿ ಇಸ್ತ್ರಿ ಪೆಟಗಿ ತರಿಸಿದ್ದೆ. ನಿಮ್ಮ ಅಳಿಯನ ಹೊಸಾ ಅಂಗಿ ಸುಟ್ಟೈತಿ. ಮುಚ್ಚಿಟ್ಟೀನಿ, ಅಂವ ಇನ್ನೂ ಮನೀತುಂಬ ಹುಡುಕಾಕತ್ತಾನ."

ಹೇಳುತ್ತಾ ಹೇಳುತ್ತಾ ಅವರಿಗೇ ನಗು ತಡೆಯಲಾಗಲಿಲ್ಲ. ನನಗೂ ಅಳು ಹೋಗಿ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರು ಸೆರಗು ಸಿಕ್ಕಿಸಿ, "ಹಿಟ್ಟಿನ ಜರಡಿ ತರ್ರಿ. ಬ್ಯಾಳಿ ಬಿಸಿ ಇರೂದ್ರಾಗ ತಿಕ್ಕಬೇಕು" ಎಂದು ನೆಲಕ್ಕೆ ಕುಳಿತೇಬಿಟ್ಟರು. ನಾನು ಬಟ್ಟಲಿನ ತಳದಿಂದ ಬೇಳೆಯನ್ನು ಜರಡಿಯ ಮೇಲೆ ತಿಕ್ಕಿದೆ, ಅವರು ಕೆಳಗಿನ ಹೂರಣ ಬಳಿದು ತೆಗೆದರು. ಸ್ಮಿತಾ ಬಾಗಿಲಲ್ಲಿ ನಿಂತು, "ಇಬ್ಬರೂ ಯಾಕ ನಗಾಕತ್ತೀರಿ?" ಎಂದಳು. ಶಾಂತಾಬಾಯಿ ನನ್ನ ತೋಳು ಚಿವುಟಿದರು. ನಾನು ಇನ್ನಷ್ಟು ಜೋರಾಗಿ ತಿಕ್ಕತೊಡಗಿದೆ. ಅಂಗಿಯ ವಿಷಯ ಅಳಿಯನಿಗೆ ಆಮೇಲೆ ತಾನಾಗಿಯೇ ಗೊತ್ತಾಯಿತು, ಅದಕ್ಕೇ ಇಲ್ಲಿ ಧೈರ್ಯವಾಗಿ ಬರೆದಿದ್ದೇನೆ.

ಊಟದ ಹೊತ್ತಿಗೆ ಬಂದವರೊಬ್ಬರು, "ಹೂರಣ ಸ್ವಲ್ಪ ತರಿತರಿ ಐತಲ್ಲ?" ಎಂದರು. ಶಾಂತಾಬಾಯಿ ಎರಡನೆಯ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ, "ನಾನೂ ನಮ್ಮ ತಂಗೀನೂ ಕೂಡಿ ಮಾಡೀವಿ. ಇನ್ನೊಂದು ಹಾಕ್ಕೋರಿ" ಎಂದರು.

ಆ ವಾರವೇ ಇಬ್ಬರೂ ಸೇರಿ ಗುಂಪಿನಲ್ಲಿ ಎಲ್ಲರನ್ನೂ ಎಚ್ಚರಿಸಿದೆವು. ಈಗ ಕರೆಂಟಿನ ಸಾಮಾನು ಏನೇ ಬೇಕಾದರೂ ಕಂಪನಿಯ ಅಧಿಕೃತ ಅಂಗಡಿಗೇ ಹೋಗಿ, ಬಿಲ್ಲು ಕೈಗೆ ಬರುವವರೆಗೆ ಅಲ್ಲಿಂದ ಕದಲುವುದಿಲ್ಲ. ಕೈಗೆ ಹೊಡೆದ ಆ ಕರೆಂಟು ನೆನಪಾದರೆ ಇಂದಿಗೂ ಮಿಕ್ಸರಿನ ಗುಂಡಿ ಒತ್ತಲು ಹಿಂಜರಿಯುತ್ತೇನೆ. ಆದರೆ ಪಂಕ್ತಿಯಲ್ಲಿ ಎಲ್ಲರೆದುರು ಬೀಗತಿ ನನ್ನನ್ನು ತಂಗಿ ಎಂದದ್ದು ನೆನಪಾದರೆ, ಅಡಿಗೆಮನೆಯಲ್ಲಿ ಒಬ್ಬಳೇ ಇದ್ದಾಗಲೂ ನಗು ಬಂದುಬಿಡುತ್ತದೆ.