ಹಾಲಿನ ಡೈರಿಗೆ ಹೊಂದಿದ ಲೈಬ್ರರಿ

ಟಿ. ನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಸುತ್ತಲಿನ ಹಳ್ಳಿಗಳ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಹೋದ ಬೇಸಿಗೆಯಲ್ಲಿ ನಂಜನಗೂಡು ಕಡೆಯ ಒಂದು ಡೈರಿಯವರು ಹಳೆಯ ಕಂಪ್ಯೂಟರ್ ಕೆಟ್ಟಿತೆಂದು ಹೊಸದು ತಂದರು. ಸಂಜೆ ಹಾಲು ಹಾಕುವ ಹೊತ್ತಿಗೆ ಸಜ್ಜು ಮಾಡಿಕೊಡುತ್ತೇನೆಂದು ನಾನು ಜಂಬದಿಂದ ಒಪ್ಪಿಕೊಂಡೆ.

ಆ ಊರಿನವರದ್ದೊಂದು ಹಟ. ದರ ಸಿಗುವುದೇ ಹಾಲಿನ ಜಿಡ್ಡಿನ ಮೇಲೆ; ಆ ಫ್ಯಾಟ್ ಎಷ್ಟೆಂದು ಹೊರಗಿನ ಪರದೆಯಲ್ಲಿ ಕಣ್ಣಾರೆ ನೋಡದೆ ಯಾರೂ ಹಾಲು ಸುರಿಯುವುದಿಲ್ಲ. ಹಿಂದೊಮ್ಮೆ ಬಾಯಲ್ಲಿ ಹೇಳಿದ್ದಕ್ಕೆ ದೊಡ್ಡ ಜಗಳವೇ ಆಗಿತ್ತಂತೆ. ಪರದೆ ಬೆಳಗದಿದ್ದರೆ ಹಾಲು ಒಯ್ಯುವ ವ್ಯಾನು ಖಾಲಿ ಹೋಗುತ್ತದೆ, ಆ ಸೆಕೆಗೆ ಊರಿನ ಹಾಲೆಲ್ಲ ಕೆಡುತ್ತದೆ.

ಡೈರಿಗೆ ಹೋಗಿ ಎಲ್ಲ ಜೋಡಿಸಿದೆ. ಪರದೆ ಬೆಳಗಲಿಲ್ಲ. ನಮ್ಮ ಸಾಫ್ಟ್‌ವೇರಿಗೂ ಸದಸ್ಯರ ವಿವರವಿರುವ ಡೇಟಾಬೇಸಿಗೂ ನಡುವೆ ಮಾತು ದಾಟಿಸಲು ಲೈಬ್ರರಿ ಎಂಬ ಒಂದು ಸಿದ್ಧ ಕೋಡಿನ ಕಟ್ಟು ಬೇಕು. ತೀರ ಹೊಸ ಆವೃತ್ತಿ ಹಾಕಿದೆ. ಅದು ಹಳೆಯ ಡೇಟಾಬೇಸನ್ನು ಗುರುತೇ ಹಿಡಿಯಲಿಲ್ಲ. ಮೊದಲಿದ್ದ ಆವೃತ್ತಿಯನ್ನೇ ಹಾಕಿದೆ. ಅದು ಹೊಸ ಕಂಪ್ಯೂಟರಿನಲ್ಲಿ ಓಡಲೇ ಇಲ್ಲ. ಇವೆರಡರ ನಡುವೆ ಬಂದ ಆವೃತ್ತಿಗಳು ಬೇಕಾದಷ್ಟು. ಒಂದೊಂದಾಗಿ ಹಾಕಿ ನೋಡಲು ಹೊತ್ತಿರಲಿಲ್ಲ.

ಹಾಲು ತಂದವರ ಸಾಲಿನಲ್ಲಿ ಮೊದಲು ನಿಂತಿದ್ದ ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಏನವ್ವ, ಆಲು ಮೊಸ್ರಾದ್ಮೇಲೆ ಸರೋಯ್ತದಾ ನಿನ್ ಮಿಷಿನ್ನು?" ಎಂದಳು. ನನಗೆ ರೇಗಿತು. ಅಳುವೂ ಬರುವಂತಿತ್ತು.

ಮೊಸರೆಂದಾಗ ಹೆಪ್ಪು ನೆನಪಾಯಿತು. ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲದಿದ್ದರೆ ಪಕ್ಕದ ಮನೆಯಿಂದ ತರುತ್ತೇವಲ್ಲ! ಹೆಮ್ಮಿಗೆ ಊರಿನ ಕಡೆಯ ಒಂದು ಡೈರಿಯಲ್ಲಿ ಇಂಥದೇ ಹಳೆಯ ಡೇಟಾಬೇಸು, ಇಂಥದೇ ಹೊಸ ಕಂಪ್ಯೂಟರು ಜಗಳವಿಲ್ಲದೆ ಸಂಸಾರ ಮಾಡಿಕೊಂಡಿದ್ದವು. ಅಲ್ಲಿ ಕೆಲಸ ಮಾಡಿಕೊಟ್ಟವಳು ನನ್ನ ಗೆಳತಿ. ಯಾವ ಆವೃತ್ತಿ ಹಾಕಿದ್ದಾಳೆಂದು ಕೇಳಲು ಫೋನ್ ಮಾಡಿದೆ.

"ಹೊಸದ್ರ ಆಸೆಗೆ ಬಿದ್ಯೇನೇ?" ಎಂದು ನಕ್ಕಳು. "ಅದಕ್ಕೂ ಹಿಂದಿನ ಸೀರೀಸ್‌ನ ಆವೃತ್ತಿಗಳ್ನ ತಗೊ. ಅದ್ರಲ್ಲಿ ಕೊನೇಗೆ ಬಂತಲ್ಲ, ಅದ್ನ ಹಾಕು."

ಅದನ್ನು ಹಾಕಿ, ಸಾಫ್ಟ್‌ವೇರನ್ನು ಮತ್ತೆ ಶುರು ಮಾಡಿದೆ. ಹೊರಗಿನ ಪರದೆ ಬೆಳಗಿತು. ಡೈರಿಯ ಕಾರ್ಯದರ್ಶಿ ಅಜ್ಜಿಯ ಹಾಲಿನಲ್ಲಿ ಒಂದಿಷ್ಟು ತೆಗೆದು ಫ್ಯಾಟ್ ಅಳೆಯುವ ಯಂತ್ರಕ್ಕೆ ಹಿಡಿದರು. ಪರದೆಯ ಮೇಲೆ ಅಂಕಿ ಮೂಡಿತು.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಇಷ್ಟೇನಾ ಫ್ಯಾಟು? ಇನ್ನೂ ಸರೋಗಿಲ್ಲ ಕಣವ್ವ ನಿನ್ ಮಿಷಿನ್ನು!" ಎಂದು ಗೊಣಗುತ್ತಲೇ ಹಾಲನ್ನೆಲ್ಲ ಕ್ಯಾನಿಗೆ ಸುರಿದಳು.

ಬೈದರೇನು, ಸುರಿದಳಲ್ಲ! ನನಗೆ ಹೋದ ಜೀವ ಬಂದಂತಾಯಿತು.